ಉಸಿರಾಡುವ ಗುಂಡಿ

ಸನಿಕೆ ಮೇವಿಗೆ ಇಳಿಯಿತು. ಅರ್ಧಕ್ಕೆ ನಿಂತಿತು.

ದಾಸಯ್ಯ ಇನ್ನೊಮ್ಮೆ ಒತ್ತಿ ನೋಡಿದ. ಕಲ್ಲಲ್ಲ. ಬೇರೂ ಅಲ್ಲ. ಮೆತ್ತಗಿತ್ತು. ಬಗ್ಗಿ ಕೈಯಲ್ಲಿ ಮೇವು ಸರಿಸಿದ. ಹುಳಿ ವಾಸನೆಯ ಬಿಸಿ ಹಬೆ ಮುಖಕ್ಕೆ ಬಡಿಯಿತು. ಹಬೆಯೊಳಗೆ ಒಂದು ಕಾಲು ಕಾಣಿಸಿತು. ಕಾಲಲ್ಲಿ ಚಪ್ಪಲಿ ಹಾಗೇ ಇತ್ತು.

ದಾಸಯ್ಯ ಕೂಗಲಿಲ್ಲ. ಸನಿಕೆಯನ್ನು ಅಲ್ಲೇ ಬಿಟ್ಟು ಹಿಮ್ಮುಖವಾಗಿ ಗುಂಡಿಯಿಂದ ಮೇಲೆ ಬಂದ. ಕೊಟ್ಟಿಗೆಯ ಮುಂದೆ ನಿಂತಿದ್ದ ಯಜಮಾನ ತಮ್ಮಯ್ಯನ ಹತ್ತಿರ ಹೋದ.

"ಗೌಡ್ರೇ, ಗುಂಡೀಲಿ ಯಾರೋ ಮನಗವ್ರೆ."

ಅದು ೧೯೯೭ರ ಜನವರಿ. ಸಂಕ್ರಾಂತಿ ಹತ್ತಿರ ಬಂದಿತ್ತು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ.

* * *

ತಮ್ಮಯ್ಯನ ಫಾರಂ ಇದ್ದದ್ದು ಸಂತೆಬಾಚಹಳ್ಳಿಯಾಚೆ, ಊರಿನಿಂದ ಒಂದು ಕೂಗಳತೆ ದೂರದಲ್ಲಿ. ಆ ಸೀಮೆಯಲ್ಲಿ ಮೊದಲು ಹಾಲು ಕರೆಯುವ ಮಿಷನ್ನು ತಂದವನು ಅವನೇ. ಹಸುಗಳು ಎತ್ತರದ ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತವೆ, ಕರೆಯುವವನು ಕೆಳಗಿನ ಹಳ್ಳದಲ್ಲಿ ನಿಂತು ಕೆಚ್ಚಲಿಗೆ ರಬ್ಬರ್ ಬಟ್ಟಲು ತೊಡಿಸುತ್ತಾನೆ. ಆ ಕಟ್ಟಡಕ್ಕೆ ಪಾರ್ಲರು ಅನ್ನುತ್ತಾರಂತೆ. ಊರವರು ಅದನ್ನು ಕೇಳಿ ನಕ್ಕಿದ್ದರು. ಅವರಿಗೆ ಗೊತ್ತಿದ್ದ ಪಾರ್ಲರಿನಲ್ಲಿ ಹೆಂಗಸರ ಹುಬ್ಬು ತೀಡುತ್ತಿದ್ದರು.

ಅದರ ಪಕ್ಕದಲ್ಲೇ ಆ ವರ್ಷ ಹೊಸದಾಗಿ ಮಾಡಿದ, ಹಸಿಮೇವು ಹುಳಿಗಟ್ಟಿಸಿ ಕಾದಿಡುವ ಸೈಲೇಜು ಗುಂಡಿ. ಮಾರ್ನಮಿಗೆ ಮೊದಲು, ಪಿತೃಪಕ್ಷದಲ್ಲಿ, ತೆನೆ ಹಾಲುಗಟ್ಟಿದ ಮುಸುಕಿನ ಜೋಳವನ್ನು ದಂಟು ಸಮೇತ ಮಿಷನ್ನಿಗೆ ಕೊಟ್ಟು ಕತ್ತರಿಸಿ, ಗುಂಡಿಗೆ ತುಂಬಿ, ಟ್ರಾಕ್ಟರು ಹತ್ತಿಸಿ ತುಳಿದು, ಮೇಲೆ ಟಾರ್ಪಾಲು ಹೊದಿಸಿ ಮಣ್ಣು ಮುಚ್ಚಿದ್ದರು. ಕಾರ್ತಿಕ ಕಳೆದ ಮೇಲೆ ಒಂದು ತುದಿಯಿಂದ ತೆಗೆದು ದಿನಾ ಒಂದಿಷ್ಟು ಗೋಡೆ ಕುಯ್ದಂತೆ ಕುಯ್ದು ಹಸುಗಳಿಗೆ ಹಾಕುತ್ತಿದ್ದರು. ಹೆಣ ಸಿಕ್ಕಿದ್ದು ಗುಂಡಿಯ ಹಿಂದಿನ ಮೂಲೆಯಲ್ಲಿ.

ಸಬ್ ಇನ್ಸ್‌ಪೆಕ್ಟರ್ ಮಂಚಯ್ಯ ಗುಂಡಿಗಿಳಿದು ನೋಡಿದ. ಅವನು ಠಾಣೆಗೆ ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹೆಣದ ಬಣ್ಣ ಹಸಿರು ಕಲೆಸಿದ ಕಂದು. ಮುಖ ಹೆಚ್ಚು ಕೆಟ್ಟಿರಲಿಲ್ಲ. ಭಯ ಹುಟ್ಟಿಸುತ್ತಿದ್ದದ್ದೇ ಅದು. ಕುರುಚಲು ಗಡ್ಡ, ಮುಚ್ಚಿದ ರೆಪ್ಪೆ. ಮಧ್ಯಾಹ್ನ ಉಂಡು ಮಲಗಿದವನನ್ನು ಯಾರೋ ಮೇವಿನಲ್ಲಿ ಹೊದಿಸಿದಂತಿತ್ತು. ತಲೆಯ ಹಿಂಭಾಗ ಮಾತ್ರ ಒಡೆದಿತ್ತು. ಬೆನ್ನ ಕೆಳಗೆ ಒಂದು ಕ್ಯಾನ್ವಾಸ್ ಚೀಲ, ಅದರ ತುಂಬ ಸ್ಪ್ಯಾನರುಗಳು.

"ಮೆಕ್ಯಾನಿಕ್ ಶಿವಣ್ಣ ಸಾ," ಎಂದ ಹೆಡ್ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ. "ಕೆ.ಆರ್. ಪೇಟೆಯವ್ನು. ಆಲು ಕರೆಯೋ ಮಿಷನ್ನು ಕೂರಿಸ್ದೋನೂ ಇವ್ನೇ. ಮಾರ್ನಮಿ ಹೊತ್ತಿಗೆ ಮಿಷನ್ನಿನ ಪಂಪು ಕದ್ಕೊಂಡು ಓಡೋದ ಅಂತ ಕಂಪ್ಲೇಂಟು ಐತೆ."

"ಕೊಟ್ಟೋರು ಯಾರು?"

"ತಮ್ಮಯ್ಯನೇ."

ಮಂಚಯ್ಯ ಮೇಲೆ ನೋಡಿದ. ಗುಂಡಿಯ ಅಂಚಿನಲ್ಲಿ ತಮ್ಮಯ್ಯ ನಿಂತಿದ್ದ. ಐವತ್ತರ ಆಸುಪಾಸಿನ ದಪ್ಪ ಆಳು. ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ ತಿಮ್ಮೇಶ. ನಾಗಮಂಗಲದ ಕಡೆಯವನು. ಅಕ್ಕನ ಮನೆಯಲ್ಲಿದ್ದು ಫಾರಂನ ಹಾಲಿನ ಮೆಟಡಾರ್ ಓಡಿಸುತ್ತಿದ್ದ.

ಚಿಕ್ಕಸ್ವಾಮಿ ದನಿ ತಗ್ಗಿಸಿದ. "ಗುಂಡಿ ತುಂಬೋ ದಿನ ಮೇವು ಕತ್ರಿಸೋ ಮಿಷನ್ನು ಕೆಟ್ಟು ನಿಂತಿತ್ತಂತೆ. ತಮ್ಮಯ್ಯ ಎಲ್ರ ಮುಂದೇನೇ ಶಿವಣ್ಣನ ಕೊಳ್‌ಪಟ್ಟಿ ಇಡಿದಿದ್ದ. ಅವತ್ತು ಸಂಜೆ ಆದ್ಮೇಲೆ ಶಿವಣ್ಣನ್ನ ಯಾರೂ ನೋಡಿಲ್ಲ. ಮೇವು ತುಂಬ್ತಾ ಇರೋ ಗುಂಡಿ. ಒಳಕ್ ಎಸೆದು ಮೇಲೊಂದು ಪದರ ಆಕುದ್ರೆ ಮುಗೀತು."

"ತಿಮ್ಮೇಶ ಎಲ್ಲಿದ್ದ?"

"ಮೈಸೂರಲ್ಲಿ. ಹೆಂಡ್ರಿಗೆ ಹೆರಿಗೆ. ಆಸ್ಪತ್ರೆಯೋರೆಲ್ಲ ಕಂಡವ್ರೆ."

* * *

ಪಾರ್ಲರಿನ ಬಾಗಿಲು ತೆಗೆದಾಗ ಬಾವಲಿಯೊಂದು ಹಾರಿಹೋಯಿತು. ಪಂಪು ಹೋದ ಮೇಲೆ ಬೀಗ ಹಾಕಿದ ಕೋಣೆ ಅದು. ಹಳ್ಳದ ಎರಡೂ ಬದಿಗೆ ರಬ್ಬರ್ ಬಟ್ಟಲುಗಳು ನಾಲ್ಕು ನಾಲ್ಕಾಗಿ ಜೋತುಬಿದ್ದಿದ್ದವು. ಗಾಳಿಗೆ ಅಲುಗಿದಾಗ ಮುದುಡಿದ ಬೆರಳುಗಳಂತೆ ಕಂಡವು. ಗಾಳಿ ಎಳೆಯುವ ಪಂಪು ಕೂತಿದ್ದ ಜಾಗದಲ್ಲಿ ಸಿಮೆಂಟು ಕಟ್ಟೆ, ಅದರಿಂದ ಎದ್ದು ನಿಂತ ಬೋಲ್ಟುಗಳು. ಬಿಚ್ಚಿದ ನಟ್ಟುಗಳು ಅಲ್ಲೇ ಬಿದ್ದಿದ್ದವು.

ಮಂಚಯ್ಯ ಒಂದು ನಟ್ಟು ಎತ್ತಿಕೊಂಡ. ಮೂಲೆಗಳು ಸವೆದು ಗುಂಡಗಾಗಿದ್ದವು. ಇಕ್ಕಳದಲ್ಲಿ ಕಚ್ಚಿ ಕಚ್ಚಿ ತಿರುಗಿಸಿದ ಗುರುತು. ಶಿವಣ್ಣನ ಚೀಲದಿಂದ ಒಂದು ಸ್ಪ್ಯಾನರು ತೆಗೆದು ಪಕ್ಕದ ಮೋಟಾರಿನ ಅದೇ ಅಳತೆಯ ನಟ್ಟಿಗೆ ಇಟ್ಟ. ಸರಿಯಾಗಿ ಕೂತಿತು.

"ಚಿಕ್ಕಸ್ವಾಮಿ, ಸರಿಯಾದ ಸ್ಪ್ಯಾನರು ಚೀಲದಲ್ಲಿ ಇಟ್ಕೊಂಡಿರೋ ಮೆಕ್ಯಾನಿಕ್ಕು ಇಕ್ಕಳದಲ್ಲಿ ಯಾಕೆ ಒದ್ದಾಡ್ತಾನೆ?"

ಚಿಕ್ಕಸ್ವಾಮಿ ನಟ್ಟನ್ನು ಬೆಳಕಿಗೆ ಹಿಡಿದು ನೋಡಿದ.

ಹೊರಗೆ ಬಿಸಿಲಿಗೆ ತಮ್ಮಯ್ಯನ ತಾಯಿ ಕುಳಿತಿದ್ದಳು. ಮಂಚಯ್ಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತ.

"ಏನಾದ್ರೂ ಕಂಡಿದ್ರಾ ಅಜ್ಜಿ?"

"ಗುಂಡಿ ಉಸಿರಾಡ್ತಿತ್ತು ಕಣ್ ಮಗ."

"ಅಂದ್ರೆ?"

"ಬೆಳಗಿನ್ ಜಾವದ ಚಳೀಲಿ ಎದ್ದು ನೋಡುದ್ರೆ ಆ ಮೂಲೇಲಿ ಮಾತ್ರ ನೆಲದಿಂದ ಒಗೆ ಏಳೋದು. ನಿಲ್ಲೋದು. ಮತ್ತೆ ಏಳೋದು. ಕೈ ಇಟ್ರೆ ಮಣ್ಣು ಬೆಚ್ಚಗೆ, ಬಾಣಂತಿ ಮೈಯಂಗೆ. ನಮ್ಮ ಕೆಂದಸ ಮೇಯಕ್ ಬುಟ್ರೆ ಸೀದಾ ಅಲ್ಲಿಗೇ ಓಗಿ ಮಣ್ಣು ನೆಕ್ಕೋದು. ಎಳುದ್ರೂ ಬರ್ತಿರ್ನಿಲ್ಲ. ಅಲ್ಲಿ ಏನೋ ಸೇರ್ಕೊಂಡದೆ, ಗುಂಡಿ ಮುಚ್ಬುಡಿ ಅಂತ ತಿಮ್ಮೇಶನೂ ಬಡ್ಕೊಂಡ. ನನ್ ಮಗ ಕೇಳ್ನಿಲ್ಲ."

ಮಂಚಯ್ಯ ಎದ್ದು ಆ ಮೂಲೆಯತ್ತ ನೋಡಿದ. ಹೆಣ ತೆಗೆದ ಹಳ್ಳದಿಂದ ಇನ್ನೂ ಸಣ್ಣಗೆ ಹಬೆ ಏಳುತ್ತಿತ್ತು.

* * *

ಕೆ.ಆರ್. ಪೇಟೆಯ ಆಸ್ಪತ್ರೆಯ ಜಗಲಿಯಲ್ಲಿ ಶಿವಣ್ಣನ ಹೆಂಡತಿ ಗೌರಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣೀರು ಬತ್ತಿತ್ತು. ಒಳಗಿನಿಂದ ಬಂದ ಡಾಕ್ಟರು, ಭಾರದ ವಸ್ತುವಿನಿಂದ ಹೊಡೆದಿದ್ದಾರೆ ಎಂದರು. ಯಾವತ್ತು ಸತ್ತದ್ದು ಎಂದು ಹೇಳಲು ಆಗುವುದಿಲ್ಲ, ಆ ಹುಳಿ ರಸದಲ್ಲಿ ಮೈ ಊರಿಕೊಂಡಿದೆ ಎಂದರು.

"ಗುಂಡಿ ತುಂಬೋಕೆ ಹೋದವನು ಮನೆಗೆ ಬರಲಿಲ್ವಾ?" ಮಂಚಯ್ಯ ಕೇಳಿದ.

"ಬರಾಕಿಲ್ಲ ಅಂತ ಯೋಳೇ ಓಗಿದ್ರು ಸಾ. ಅಲ್ಲಿಂದ ಸೀದಾ ಗೋವಿಂದನಹಳ್ಳಿಗೆ ಓಯ್ತೀನಿ, ಜವರಯ್ಯನ ಮಿಷನ್ನು ಕೆಟ್ಟದೆ ಅಂದಿದ್ರು."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳ್ನಿಲ್ಲ. ಪಂಪು ಎಲ್ಲಿ ಬಚ್ಚಿಟ್ಟಿದ್ದೀ ಅಂತ ಮಾತ್ರ ಕೇಳುದ್ರು. ನಲ್ಲಿ ತಾವ ಬಿಂದಿಗೆ ಇಟ್ರೆ, ಕಳ್ಳನ್ ಹೆಂಡ್ರು ಬಂದ್ಲು ಅಂತ ದೂರ ಸರ್ಕೊಳ್ಳೋರು."

ಜೀಪು ಅಂದೇ ಗೋವಿಂದನಹಳ್ಳಿಗೆ ಹೋಯಿತು. ಜವರಯ್ಯ ನೆನಪು ಮಾಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

"ಇಲ್ಲೇ ಇದ್ದ ಕಣ್ಸಾ, ಪಿತೃಪಕ್ಷದ ಅಮಾಸೆಗಂಟ. ಅಮಾಸೆ ದಿನ ಎಡೆ ಇಕ್ಕಿದ್ದೋ, ಉಂಡ್ಕೊಂಡು ಓಗು ಅಂದೆ. ತಮ್ಮಯ್ಯನ ಪಂಪು ಸದ್ದು ಮಾಡ್ತಾ ಅದೆ, ನೋಡ್ತೀನಿ ಅಂತ ಮಾತು ಕೊಟ್ಟಿವ್ನಿ ಅಂದ. ಬಿಸಿಲೊತ್ತಲ್ಲೇ ಬಸ್ಸು ಅತ್ತಿಬುಟ್ಟ."

ಮಂಚಯ್ಯ ಚಿಕ್ಕಸ್ವಾಮಿಯ ಮುಖ ನೋಡಿದ. ಗುಂಡಿ ಮುಚ್ಚಿದ್ದು ಅಮಾವಾಸ್ಯೆಗೆ ಮೊದಲು. ಶಿವಣ್ಣ ಅಮಾವಾಸ್ಯೆಯ ದಿನವೂ ಬದುಕಿದ್ದ.

* * *

ಮರುದಿನ ಮಂಚಯ್ಯ ಗುಂಡಿಯ ಮುಂದೆ ಬಹಳ ಹೊತ್ತು ನಿಂತ. ಕುಯ್ದ ಮೇವಿನ ಗೋಡೆ ಹಳದಿ ಮಿಶ್ರಿತ ಹಸಿರು. ಹಿಂದಿನ ಮೂಲೆಯಲ್ಲಿ ಮಾತ್ರ ಮೇಲಿನಿಂದ ಎದೆಮಟ್ಟದವರೆಗೆ ಬಾವಿ ತೋಡಿದ ಹಾಗೆ ಒಂದು ಕಪ್ಪು ಪಟ್ಟೆ. ಅದರ ತುಂಬ ಬಿಳಿ ಬೂಷ್ಟು. ಆ ಪಟ್ಟೆಯ ಬುಡದಲ್ಲೇ ಶಿವಣ್ಣ ಮಲಗಿದ್ದ.

ತಮ್ಮಯ್ಯನನ್ನು ಕರೆಸಿದ. "ಇಲ್ಲಿ ಮಾತ್ರ ಯಾಕೆ ಹಿಂಗಾಯ್ತು?"

"ಗಾಳಿ ಓಗದೆ ಸಾ. ಸೈಲೇಜು ಅಂದ್ರೆ ಉಪ್ಪಿನ್ಕಾಯಿ ಇದ್ದಂಗೆ. ಗಾಳಿ ಸೋಕ್ದಂಗೆ ಒತ್ತಿ ಒತ್ತಿ ತುಂಬುದ್ರೆ ವರ್ಸಾನುಗಟ್ಲೆ ಕೆಡಾಕಿಲ್ಲ. ಗಾಳಿ ಓದ್ರೆ ಬಿಸಿಯಾಗಿ ಬೂಷ್ಟು ಇಡೀತದೆ. ತುಂಬೋ ದಿನ ನಾನೇ ಟ್ರಾಕ್ಟರು ಓಡ್ಸಿದ್ದು. ದಾಸಯ್ಯ ಮೂಲೆ ಮೂಲೆನೂ ಕಾಲಲ್ಲಿ ತುಳ್ದವ್ನೆ. ಇಂಗಾಗೋಕೆ ಸಾಧ್ಯನೇ ಇಲ್ಲ."

"ಅಮಾವಾಸ್ಯೆ ದಿನ ಫಾರಂನಲ್ಲಿ ಯಾರಿದ್ರು?"

"ಯಾರೂ ಇಲ್ಲ ಸಾ. ಎಲ್ರೂ ಊರೊಳಗಿನ ಮನೇಲಿ. ಎಡೆ ಇಕ್ಕೋ ದಿನ ಅಲ್ವಾ? ದಾಸಯ್ಯನೂ ಅವ್ನ ಅಟ್ಟೀಲಿದ್ದ." ತಮ್ಮಯ್ಯ ತಡೆದ. "ತಿಮ್ಮೇಶ ಒಬ್ಬ ಇದ್ದ. ಮೈಸೂರಿಂದ ಅವತ್ತೇ ಬಂದಿದ್ದ. ಮಗು ಉಟ್ಟಿದ ಪುರುಡು. ಎಡೆ ತಾವ ಬರಂಗಿಲ್ಲ ಅಂತ ನಮ್ಮವ್ವ ಇಲ್ಲೇ ಇರು ಅಂದಿದ್ಲು."

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಕಾಲಕೆಳಗಿನ ಮೇವನ್ನೇ ನೋಡುತ್ತ ನಿಂತ.

ದೂರದಲ್ಲಿ ನಿಂತಿದ್ದ ದಾಸಯ್ಯ ಮೆಲ್ಲಗೆ ಹತ್ತಿರ ಬಂದ. "ಸಾಮಿ, ಒಂದು ಮಾತು. ತಿಮ್ಮೇಶಪ್ಪಾರು ಮೇವು ಅಂದ್ರೆ ಮೂಗು ಮುಚ್ಕೊಳ್ಳೋರು. ಗುಂಡಿ ತೆಗೆದ್ಮೇಲೆ ದಿನಾ ಬಂದು ನಿಂತ್ಕೊಳ್ಳೋರು. ಮೊದ್ಲು ದಿನ ಮೇವು ಅಸ್ರಾಗೇ ಇದ್ದುದ್ದ ಕಂಡು, ಇದು ಕೊಳ್ತೋಗಿಲ್ವಾ ದಾಸಯ್ಯ ಅಂದ್ರು. ಆಮೇಲೆ ದಿನಾ ಒಂದೇ ಮಾತು. ಎಲ್ಲೀಗಂಟ ಕುಯ್ದೆ, ಎಲ್ಲೀಗಂಟ ಕುಯ್ದೆ."

ಮಂಚಯ್ಯ ಚಿಕ್ಕಸ್ವಾಮಿಯನ್ನು ಕರೆದ. ತಿಮ್ಮೇಶನ ಊರಿಗೆ ಹೋಗಿ ಅವನ ಮನೆ, ಕೊಟ್ಟಿಗೆ ಎಲ್ಲ ನೋಡಿ ಬರಲು ಹೇಳಿದ.

* * *

ಜೀಪು ಹಿಂತಿರುಗಿದ್ದು ಇಳಿಹೊತ್ತಿನಲ್ಲಿ. ಹಿಂದೆ ಗೋಣಿಚೀಲ ಮುಚ್ಚಿದ್ದ ಭಾರದ್ದೊಂದು ಇತ್ತು. ಚಿಕ್ಕಸ್ವಾಮಿ ಗೋಣಿ ಎಳೆದ. ಪಂಪು.

"ಇವ್ನ ಕೊಟ್ಟಿಗೇಲೇ ಸಾ. ಉಲ್ಲಿನಡಿ."

ಅಂಗಳದಲ್ಲಿ ಕುಳಿತಿದ್ದ ತಿಮ್ಮೇಶ ಎದ್ದು ನಿಂತ. "ನಂಗೇನೂ ಗೊತ್ತಿಲ್ಲ. ಶಿವಣ್ಣನೇ ತಂದು ಇಟ್ಟಿರ್ಬೇಕು."

"ಶಿವಣ್ಣ ಬಿಚ್ಚಿದ್ರೆ ನಟ್ಟು ಸವೀತಿರಲಿಲ್ಲ," ಎಂದ ಮಂಚಯ್ಯ. "ಅವನ ಚೀಲದಲ್ಲಿ ಸ್ಪ್ಯಾನರು ಇತ್ತು. ನಿನ್ನ ಮೆಟಡಾರ್ ಹುಡುಕಿಸಿದೆ, ಅದರಲ್ಲಿ ಇಕ್ಕಳ ಮಾತ್ರ ಇತ್ತು. ಅಮಾವಾಸ್ಯೆ ದಿನ ಫಾರಂನಲ್ಲಿ ನೀನೊಬ್ಬನೇ. ಪಂಪು ಬಿಚ್ಚಿ ಗಾಡಿಗೆ ಹಾಕೋ ಹೊತ್ತಿಗೆ ಶಿವಣ್ಣ ಬಂದ. ಅವನು ಬರ್ತಾನೆ ಅಂತ ನಿನಗೆ ಗೊತ್ತಿರಲಿಲ್ಲ."

ತಿಮ್ಮೇಶ ಜೀಪಿನಲ್ಲಿದ್ದ ಪಂಪಿನತ್ತ ನೋಡಿದ.

"ಎಲ್ಲರೂ ಅಂದುಕೊಂಡದ್ದು ಗುಂಡಿ ತುಂಬುವಾಗಲೇ ಹೆಣ ಹಾಕಿದ್ದಾರೆ ಅಂತ. ಆಗ ನೀನು ಮೈಸೂರಲ್ಲಿದ್ದೆ, ಅನುಮಾನವೆಲ್ಲ ನಿನ್ನ ಭಾವನ ಮೇಲೆ. ಆದರೆ ಆ ಮೂಲೇಲಿ ಮೇಲಿಂದ ಹೆಣದವರೆಗೂ ಮೇವು ಕೊಳೆತಿದೆ. ಅಂದರೆ ಮುಚ್ಚಿದ ಗುಂಡೀನ ಯಾರೋ ಮತ್ತೆ ತೋಡಿದ್ದಾರೆ. ತೋಡಿ, ಸರಿಯಾಗಿ ತುಳಿಯದೆ ಮುಚ್ಚಿದ್ದಾರೆ. ಸಂದಿಯಿಂದ ಗಾಳಿ ಹೋಯ್ತು, ಮೇವು ಬಿಸಿಯಾಯ್ತು, ಚಳಿಗೆ ಹೊಗೆ ಎದ್ದಿತು. ಹುಳಿ ರಸ ಒಸರಿದ್ದಕ್ಕೆ ಹಸು ಮಣ್ಣು ನೆಕ್ಕಿತು. ಅಜ್ಜಿಗೆ ಗುಂಡಿ ಉಸಿರಾಡಿದ ಹಾಗೆ ಕಂಡದ್ದು ಅದೇ."

ಮಂಚಯ್ಯ ಒಂದು ಹೆಜ್ಜೆ ಹತ್ತಿರ ಬಂದ.

"ತಮ್ಮಯ್ಯನೋ ದಾಸಯ್ಯನೋ ಮುಚ್ಚಿದ್ದರೆ ತುಳಿಯೋದು ಮರೀತಿರಲಿಲ್ಲ. ಹೆಣ ಬಚ್ಚಿಡೋಕೆ ಈ ಗುಂಡೀನ ಹುಡುಕ್ತಲೂ ಇರಲಿಲ್ಲ, ಇದರೊಳಗೆ ಹಾಕಿದ್ದು ಉಳೀತದೆ ಅಂತ ಅವರಿಗೆ ಗೊತ್ತು. ತುಂಬೋ ದಿನ ಇಲ್ಲದೆ ಇದ್ದವನು ಈ ಮನೇಲಿ ನೀನೊಬ್ಬನೇ. ಇದು ತಿಪ್ಪೆಗುಂಡಿ ಇದ್ದ ಹಾಗೆ, ತೆಗೆಯೋ ಹೊತ್ತಿಗೆ ಎಲ್ಲ ಕೊಳೆತು ಗೊಬ್ಬರ ಆಗಿರ್ತದೆ ಅಂದುಕೊಂಡೆ."

ತಿಮ್ಮೇಶ ತಮ್ಮಯ್ಯನತ್ತ ತಿರುಗಿದ.

"ನಮ್ಮೂರಲ್ಲಿ ನಂದೇ ಒಂದು ಡೈರಿ ಮಾಡ್ಬೇಕು ಅಂತ ಇತ್ತು ಭಾವ. ನಂಗೂ ಪಾಲು ಕೊಡು ಅಂದ್ರೆ ನೀನು ನಗ್ತಿದ್ದೆ. ಶಿವಣ್ಣ ಬಾಗ್ಲಲ್ಲಿ ನಿಂತ್ಕಂಡ. ತಿಮ್ಮೇಶಪ್ಪ, ತಿರ್ಗಾ ಅಲ್ಲೇ ಇಟ್ಬುಡಿ, ನಾನೇ ಕೂರಿಸ್ಕೊಡ್ತೀನಿ, ಯಾರ್ಗೂ ಯೋಳಾಕಿಲ್ಲ ಅಂದ. ಸ್ಪ್ಯಾನರು ತೆಗೆಯಾಕೆ ಚೀಲಕ್ಕೆ ಬಗ್ಗಿದ. ನನ್ ಕೈಲಿ ಪೈಪಿತ್ತು." ಅಂಗೈಯನ್ನು ಪಂಚೆಗೆ ಒರೆಸಿಕೊಂಡ. "ಮೇವು ಅಸ್ರಾಗೇ ಬಂದಾಗ್ಲೇ ಗೊತ್ತಾಯ್ತು, ಅವ್ನೂ ಅಂಗೇ ಅವ್ನೆ ಅಂತ. ತೆಗೆದು ಬೇರೆ ಕಡೆ ಆಕೋಕೆ ಓದೆ. ಮಣ್ಣು ಬೆಚ್ಚಗಿತ್ತು. ಕೈ ಬರ್ನಿಲ್ಲ."

ತಮ್ಮಯ್ಯ ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಮುಖ ತಿರುಗಿಸಿಕೊಂಡು ಕೊಟ್ಟಿಗೆಯೊಳಗೆ ಹೋದ.

* * *

ಶಿವಣ್ಣನ ತಿಥಿ ಕಳೆದ ಮೇಲೆ ತಮ್ಮಯ್ಯ ಕೆ.ಆರ್. ಪೇಟೆಗೆ ಹೋದ. ಒಬ್ಬನೇ ಹೋಗಲು ಧೈರ್ಯವಾಗದೆ ಮಂಚಯ್ಯನನ್ನು ಜೊತೆಗೆ ಕರೆದಿದ್ದ. ಶಿವಣ್ಣನ ಹೆಂಡತಿ ಗೌರಮ್ಮ ಬಾಗಿಲಿಗೆ ಬಂದಳು. ಒಳಗೆ ಬನ್ನಿ ಅನ್ನಲಿಲ್ಲ.

"ತಪ್ಪಾಯ್ತು ಕಣವ್ವ," ಎಂದ ತಮ್ಮಯ್ಯ. "ನಿನ್ ಗಂಡ ಕಳ್ಳ ಅಲ್ಲ."

"ಅದು ನಂಗೊತ್ತು. ನಂತಾವ ಯಾಕ್ ಯೋಳ್ತೀರಿ? ಅವತ್ತು ಎಲ್ಲಿ ನಿಂತ್ಕಂಡು ಕಳ್ಳ ಅಂದ್ರೋ ಅಲ್ಲಿ ಯೋಳಿ."

ತಮ್ಮಯ್ಯ ಅದನ್ನು ಅಂದದ್ದು ಊರಿನ ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ಸಾಲು ನಿಂತಿದ್ದ ಜನರ ಎದುರು.

ಮರುದಿನ ಬೆಳಿಗ್ಗೆ ಗೌರಮ್ಮ ಮೊದಲ ಬಸ್ಸಿಗೇ ಬಂದಳು. ಡೈರಿಯ ಎದುರಿನ ಕಟ್ಟೆಯ ಮೇಲೆ ಸೆರಗು ಹೊದ್ದು ಕುಳಿತಳು. ಜನ ಒಬ್ಬೊಬ್ಬರಾಗಿ ಹಾಲು ತಂದು ಸಾಲು ನಿಂತರು. ಸಾಲು ಪೂರ್ತಿ ಆಗುವವರೆಗೆ ತಮ್ಮಯ್ಯ ಕಾದ. ಆಮೇಲೆ ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ, ಮೊದಲಿಂದ ಹೇಳಲು ಶುರು ಮಾಡಿದ.