ಅವಳಿಗೆ ಬೇಕಾಗಿದ್ದ ಲ್ಯಾಪ್‌ಟಾಪ್

"ಅದು ನಿಮಗೆ ಬೇಡ ಬಿಡಿ."

ಕೈ ಚಾಚಿದವಳು ಹಾಗೇ ನಿಂತಳು. ಗಾಜಿನ ಕಪಾಟಿನಲ್ಲಿ ತೆಳ್ಳಗೆ, ಬೆಳ್ಳಗೆ ಹೊಳೆಯುತ್ತಿದ್ದ ಲ್ಯಾಪ್‌ಟಾಪನ್ನು ಮುಟ್ಟುವ ಮೊದಲೇ ಬೇಡ ಎನ್ನಲು ಇವನ್ಯಾರು?

"ಯಾಕೆ? ತಗೊಳ್ಳೋಳ ಹಾಗೆ ಕಾಣಲ್ವಾ ನಾನು?"

ಮೂಗಿನ ತುದಿಯಲ್ಲೇ ಸಿಟ್ಟು! ಅಂಗಡಿಯ ಮಾರಾಟಗಾರ ಗಾಬರಿಯಾದ.

"ಅಯ್ಯೋ, ಹಾಗಲ್ಲ ಮೇಡಂ! ಅದು ನೋಡೋಕೆ ಚೆಂದ, ಅಷ್ಟೇ. ಮೊದಲು ಹೇಳಿ, ಯಾವ ಕೆಲಸಕ್ಕೆ ಬೇಕು? ದಿನಾ ಎತ್ಕೊಂಡು ಓಡಾಡ್ತೀರಾ, ಮನೇಲೇ ಇಡ್ತೀರಾ? ಗೇಮ್ ಆಡ್ತೀರಾ? ವಿಡಿಯೋ ಎಡಿಟಿಂಗ್ ಏನಾದ್ರೂ..."

ಅಬ್ಬಾ! ಇವನೇನು ಅಂಗಡಿಯವನೋ, ಪ್ರಶ್ನೆಪತ್ರಿಕೆಯೋ? ಮನಸ್ಸಿನಲ್ಲೇ ಅವನಿಗೆ ಆ ಹೆಸರಿಟ್ಟುಬಿಟ್ಟಳು.

ಆದರೆ ಈ ಪ್ರಶ್ನೆಪತ್ರಿಕೆ ಬಾಯಿಮಾತಿಗೆ ಕೇಳುತ್ತಿರಲಿಲ್ಲ. ಒಂದೊಂದು ಪ್ರಶ್ನೆಗೂ ಅವಳ ಮುಖ ನೋಡುತ್ತಾ ಕಾಯುತ್ತಿದ್ದ. ತನ್ನ ಮಾತಿಗಾಗಿ ಯಾರಾದರೂ ಹಾಗೆ ಕಾದು ಎಷ್ಟು ಕಾಲವಾಗಿತ್ತೋ... ಅವಳ ಸಿಟ್ಟು ಅರ್ಧಕ್ಕೆ ಇಳಿಯಿತು.

"ಮನೇಲಿ ಯಾರ್ಯಾರಿದ್ದಾರೆ? ವಿಡಿಯೋ ಕಾಲ್ ಮಾಡ್ತೀರಾ?"

ಯಾರೂ ಇಲ್ಲ ಎಂಬ ಮಾತು ಗಂಟಲವರೆಗೆ ಬಂದು ಅಲ್ಲೇ ಸಿಕ್ಕಿಕೊಂಡಿತು.

"ಓ, ತುಂಬಾ! ಅಕ್ಕ, ಭಾವ, ಅವರ ಮಕ್ಕಳು, ಫ್ರೆಂಡ್ಸು... ಸಂಜೆ ಕೂತ್ರೆ ಮಾತು ಮುಗಿಯೋದೇ ಇಲ್ಲ. ಕ್ಯಾಮೆರಾ ಚೆನ್ನಾಗಿರಬೇಕು."

"ಪುಣ್ಯವಂತರು ನೀವು," ಎಂದ ಅವನು. ಹುಡುಕಿ ಹುಡುಕಿ ಒಳ್ಳೆಯ ಕ್ಯಾಮೆರಾ ಇರುವ ಹಗುರವಾದ ಲ್ಯಾಪ್‌ಟಾಪ್ ತಂದಿಟ್ಟ. "ಇದರ ಕೀಬೋರ್ಡ್ ಮಾತ್ರ ಸುಮಾರು. ಟೈಪಿಂಗ್ ಜಾಸ್ತಿ ಇಲ್ಲ ತಾನೇ?"

"ಇಲ್ಲ ಇಲ್ಲ."

ದಿನವಿಡೀ ಒಬ್ಬಳೇ ಕೂತು ಟೈಪ್ ಮಾಡುತ್ತೇನೆ ಎಂದರೆ ಈಗಷ್ಟೇ ಕಟ್ಟಿದ ತುಂಬುಸಂಸಾರ ಕುಸಿದುಬೀಳುತ್ತಿತ್ತಲ್ಲ!

ನಿಜ ಹೇಳಬೇಕೆಂದರೆ ಟೈಪಿಂಗೇ ಅವಳ ಹೊಟ್ಟೆಪಾಡು. ಸಂಶೋಧನೆ ಮಾಡುವವರು ರೆಕಾರ್ಡ್ ಮಾಡಿ ಕಳಿಸಿದ ಸಂದರ್ಶನಗಳನ್ನು ಕೇಳಿ, ಒಂದು ಮಾತೂ ಬಿಡದೆ ಬರಹಕ್ಕೆ ಇಳಿಸುವ ಕೆಲಸ. ಕಿವಿತುಂಬ ಮಾತು, ಅವಳೊಂದಿಗೆ ಆಡಿದ್ದು ಮಾತ್ರ ಒಂದೂ ಇಲ್ಲ.

ಅಮ್ಮ ಇದ್ದಾಗ ಪಕ್ಕದಲ್ಲೇ ಕೂತು, "ಆ ಹೆಡ್‌ಫೋನ್ ಕಿತ್ತಿಡೇ, ನಾನೂ ಕೇಳ್ತೀನಿ," ಎನ್ನುತ್ತಿದ್ದಳು. "ಇವನೇನೇ, ಹೆಂಡತಿ ಬಗ್ಗೆ ಹೀಗಂತಾನೆ?" ಎಂದು ರೆಕಾರ್ಡಿಂಗಿನವರ ಜೊತೆ ಜಗಳಕ್ಕೇ ಬೀಳುತ್ತಿದ್ದಳು. ಅಮ್ಮ ಹೋದ ಮೇಲೆ ಆ ಕುರ್ಚಿಯಲ್ಲಿ ಮಡಿಸದ ಬಟ್ಟೆಯ ರಾಶಿ. ಈಗಲೂ ಅವಳು ಹೆಡ್‌ಫೋನ್ ಹಾಕುತ್ತಿರಲಿಲ್ಲ. ಫೋನಿಗೆ ಸ್ಪೀಕರ್ ಜೋಡಿಸಿ ಗಟ್ಟಿಯಾಗಿ ಹಚ್ಚುತ್ತಿದ್ದಳು. ಮನೆಯಲ್ಲಿ ಯಾರದೋ ದನಿ ಇದ್ದರೆ ಅಷ್ಟೇ ಸಾಕು ಎನಿಸುತ್ತಿತ್ತು.

ಲ್ಯಾಪ್‌ಟಾಪ್ ಮನೆ ಸೇರಿದ ಮೇಲೆ ಮಾರಿದವರೇ ವಿಡಿಯೋ ಕಾಲ್ ಮಾಡಿ ಅದರ ಕ್ಯಾಮೆರಾ, ಮೈಕು ಪರೀಕ್ಷಿಸುವುದು ಆ ಅಂಗಡಿಯ ಪದ್ಧತಿ. ಅವನು ಕರೆ ಮಾಡುತ್ತೇನೆಂದ ಹೊತ್ತಿಗೆ ಅವಳು ಮುಖ ತೊಳೆದು, ಕಣ್ಣಿಗೆ ಕಾಡಿಗೆ ಹಚ್ಚಿ ತಯಾರಾಗಿದ್ದಳು. ಕ್ಯಾಮೆರಾ ಪರೀಕ್ಷೆಗೆ ಕಾಡಿಗೆ ಯಾಕೆ ಎಂದು ಮಾತ್ರ ಕೇಳಬೇಡಿ!

"ಕಾಣಿಸ್ತಿದ್ದೀನಾ?"

"ಕಾಣಿಸ್ತಿದ್ದೀರಿ..." ಅವನು ಕೊಂಚ ತಡವರಿಸಿದ. "ಚೆನ್ನಾಗಿ ಕಾಣಿಸ್ತಿದ್ದೀರಿ. ಮೇಡಂ, ಒಂದು ಮಾತು ಕೇಳ್ಲಾ?"

ಅವಳು ಪರದೆಯತ್ತ ಬಾಗಿದಳು. ಅದೇ ಹೊತ್ತಿಗೆ ಅವಳ ಹಿಂದಿನಿಂದ ಗಂಡಸಿನ ದನಿ ಬಂತು.

"ನೀನು ಬರೋ ತನಕ ನಾನು ಊಟಕ್ಕೆ ಕೂರಲ್ಲ ಕಣೇ. ಬೇಗ ಬಾ."

ಬೆಳಿಗ್ಗೆಯಿಂದ ಹಚ್ಚಿಟ್ಟಿದ್ದ ಬಸ್ ಡ್ರೈವರನ ಸಂದರ್ಶನ ಅದು. ತನ್ನ ಹೆಂಡತಿಗೆ ಏನೆನ್ನುತ್ತಿದ್ದೆ ಎಂದು ಆತ ನೆನಪಿಸಿಕೊಳ್ಳುತ್ತಿದ್ದ. ಆ ದನಿಗೆ ಒಗ್ಗಿಹೋಗಿದ್ದ ಅವಳ ಗಮನ ಅತ್ತ ಹೋಗಲೇ ಇಲ್ಲ. ಆದರೆ ಅವನು ಕೇಳಿಸಿಕೊಂಡ!

"ಕೇಳಿ, ಏನು?" ಎಂದಳು ಆಸೆಯಿಂದ.

"ಏನಿಲ್ಲ ಮೇಡಂ. ಎಲ್ಲಾ ಸರಿಯಾಗಿದೆ. ಇಡ್ತೀನಿ."

ಪರದೆ ಕಪ್ಪಾಯಿತು. ಅದರಲ್ಲಿ ಅವಳದೇ ಮುಖ, ಕಾಡಿಗೆ ಹಚ್ಚಿಕೊಂಡ ಪೆದ್ದು ಮುಖ. ಎಲ್ಲರಿಗೂ ಮಾಡುವ ಕರೆ ತನಗೂ ಮಾಡಿದ, ಅದಕ್ಕೇ ಇಷ್ಟೆಲ್ಲಾ ಕನಸು ಕಂಡೆನಲ್ಲ! ಅವತ್ತು ಡ್ರೈವರನ ಮಾತು ಟೈಪ್ ಮಾಡುತ್ತಾ ಮಾಡುತ್ತಾ ಅತ್ತುಬಿಟ್ಟಳು.

ಅಳು ನಿಂತರೂ ಬೆರಳ ನೋವು ನಿಲ್ಲಲಿಲ್ಲ. ಒತ್ತಿದರೂ ಒತ್ತದಂತಿದ್ದ ಆ ಚಪ್ಪಟೆ ಕೀಲಿಗಳಲ್ಲಿ ಕೆಲಸ ಸಾಗುತ್ತಿರಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ಹೊತ್ತು ಅಂಗಡಿಗೆ ಬಂದಳು.

"ಬದಲಾಯಿಸಿ ಕೊಡ್ತೀವಿ ಮೇಡಂ. ಏನು ತೊಂದರೆ?" ಅವನು ತಲೆ ಎತ್ತಲಿಲ್ಲ. ದನಿ ಕೂಡ ಬಿಗಿಯಾಗಿತ್ತು.

ಕೀಬೋರ್ಡ್ ಕೆಟ್ಟಿದೆ ಎಂದುಬಿಡಬಹುದಿತ್ತು. ಆದರೆ ಇವತ್ತೂ ಸುಳ್ಳು ಹೇಳಿದರೆ ಇವನು ಎಂದಿಗೂ ತನ್ನನ್ನು ಇನ್ಯಾರೋ ಎಂದೇ ತಿಳಿದಿರುತ್ತಾನೆ... ಆ ಯೋಚನೆಯನ್ನೇ ಅವಳಿಗೆ ಸಹಿಸಲಾಗಲಿಲ್ಲ.

"ತೊಂದರೆ ಲ್ಯಾಪ್‌ಟಾಪಿಂದಲ್ಲ, ನನ್ನಿಂದ," ಎಂದಳು. "ನಂಗೆ ದಿನವೆಲ್ಲಾ ಟೈಪಿಂಗ್ ಕೆಲಸ. ಕ್ಯಾಮೆರಾ ನಂಗೆ ಬೇಕಾಗಿರಲೇ ಇಲ್ಲ. ಅದನ್ನ ಬಳಸಿದ್ದೇ ಒಂದು ಸಲ, ನೀವು ಕಾಲ್ ಮಾಡಿದಾಗ."

"ಮತ್ತೆ ನಿಮ್ಮ ಅಕ್ಕ, ಫ್ರೆಂಡ್ಸು...?"

"ಅಕ್ಕ ಇದ್ದಾಳೆ, ಅವಳ ಸಂಸಾರದಲ್ಲಿ ಅವಳು. ಮಾತಾಡೋಕೆ ನಂಗೆ ಯಾರೂ ಇಲ್ಲ." ಲ್ಯಾಪ್‌ಟಾಪನ್ನು ಅವನತ್ತ ಸರಿಸಿದಳು. "ಹಾಗಂತ ಹೇಳಿಕೊಳ್ಳೋಕೆ ನಾಚಿಕೆ ಆಯ್ತು. ಅದಕ್ಕೇ ಸುಳ್ಳು ಹೇಳಿದೆ."

ಅವನು ಈಗ ಅವಳನ್ನೇ ನೋಡಿದ.

"ಹಾಗಾದ್ರೆ... ಅವತ್ತು ನಿಮ್ಮನ್ನ ಊಟಕ್ಕೆ ಕರೆದವರು?"

"ಊಟಕ್ಕಾ? ಯಾರು?"

"ನೀನು ಬರೋ ತನಕ ಕೂರಲ್ಲ ಕಣೇ ಅಂತ... ಗಂಡಸಿನ ದನಿ."

ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು.

"ಅಯ್ಯೋ ದೇವರೇ! ಅದು ರೆಕಾರ್ಡಿಂಗ್ ರೀ! ಯಾವುದೋ ಬಸ್ ಡ್ರೈವರ್ರು. ಅವರ ಮಾತು ಕೇಳಿ ಟೈಪ್ ಮಾಡೋದೇ ನನ್ನ ಕೆಲಸ. ಅವರನ್ನ ನಾನು ನೋಡೇ ಇಲ್ಲ!"

ಅವನು ಹಿಂದಿದ್ದ ಸ್ಟೂಲಿನ ಮೇಲೆ ಧೊಪ್ಪನೆ ಕೂತ.

"ಆ ಪುಣ್ಯಾತ್ಮನಿಂದ ಅವತ್ತಿಂದ ನಂಗೆ ಊಟ ಸೇರಿಲ್ಲ ಗೊತ್ತಾ?" ಅಂದವನು ಹಾಗೇ ಮೆತ್ತಗಾದ. "ನನ್ನ ರೂಮಲ್ಲೂ ಯಾರೂ ಇಲ್ಲ. ಬಾಗಿಲು ತೆಗೆದ್ರೆ, ಬಂದ್ಯಾ ಅಂತ ಕೇಳೋರಿಲ್ಲ. ಅದಕ್ಕೇ ಇಲ್ಲಿ ಬಂದೋರನ್ನೆಲ್ಲಾ ಅಷ್ಟೊಂದು ಕೇಳ್ತೀನೇನೋ. ಆದ್ರೆ ನಿಮ್ಮನ್ನ ಕೇಳಬೇಕು ಅಂದ್ಕೊಂಡಿದ್ದು ಮಾತ್ರ ಗಂಟಲಲ್ಲೇ ಉಳೀತು."

"ಈಗ ಕೇಳಿ."

"ನಂಗೆ ನೀವು ಇಷ್ಟ. ದಿನಾ ಸಂಜೆ ನಾನು ಕಾಲ್ ಮಾಡ್ಲಾ?"

ಅವಳು ತಲೆ ಅಲ್ಲಾಡಿಸಿದಳು. ಅವನ ಮುಖ ಸಪ್ಪಗಾಯಿತು.

"ಕಾಲ್ ಬೇಡ," ಎಂದಳು ಮೆಲ್ಲಗೆ. "ಸ್ಪೀಕರಲ್ಲಿ ಬರೋ ಮಾತು ಸಾಕಾಗಿದೆ ನಂಗೆ. ಎದುರಿಗೆ ಕೂತು ಮಾತಾಡ್ತೀರಾ?"

"ಏನು ಮಾತಾಡ್ಲಿ?"

"ಏನಾದ್ರೂ. ನಾನೇನೂ ಟೈಪ್ ಮಾಡ್ಕೊಳ್ಳಲ್ಲ... ಸುಮ್ನೆ ಕೇಳ್ತೀನಿ."