ಸೋಲಲೆಂದೇ ನಿಲ್ಲಿಸಿದವಳು

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ಇತ್ತು. ತಣ್ಣಗೆ.

ಕಾರು ಓಡಿಸುತ್ತಿದ್ದವಳು ನಾನೇ.

ಹಿಂದಿನ ಸೀಟಿನಲ್ಲಿದ್ದವನು ಅಧ್ಯಕ್ಷರ ಬಂಟ. ಎಲ್ಲರೂ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ಎಲ್ಲಿ ಸುಕ್ಕು ಕಂಡರೂ ಬಿಡುವವನಲ್ಲ. ನನ್ನ ವಾರಗಿತ್ತಿ ತಾನು ಚುನಾವಣೆಯಲ್ಲಿ ಸೋತೆನೆಂದು ಮೈಕಿನಲ್ಲಿ ಹೇಳಬೇಕು, ಹೇಳದಿದ್ದರೆ ಸಂಜೆಯೊಳಗೆ ಅವಳ ಹೆಣ ಎಂದ.

ನನ್ನ ಕಸುಬು ಏನು ಗೊತ್ತಾ ನಿಮಗೆ? ಹೊರದೇಶದವರು ಇಲ್ಲಿಗೆ ಪ್ರಜಾಪ್ರಭುತ್ವ ತಂದಾಗಲೆಲ್ಲ ಕಾರು, ಸಭಾಂಗಣ, ಚಪ್ಪಾಳೆ ತಟ್ಟುವ ಜನ... ಎಲ್ಲ ಹೊಂದಿಸಿಕೊಡುವುದು. ಈ ಸಲ ಅವರಿಗೆ ಬೇಕಿದ್ದದ್ದು ಒಬ್ಬ ಎದುರಾಳಿ. ಅಧ್ಯಕ್ಷರು ಅವರ ಯುದ್ಧನೌಕೆಗಳಿಗೆ ಬಂದರು ಬಿಟ್ಟುಕೊಟ್ಟ ಗೆಳೆಯರು. ಅವರೊಬ್ಬರೇ ನಿಂತು ಗೆದ್ದರೆ ನೋಡಲು ಚೆನ್ನಾಗಿರುವುದಿಲ್ಲ. ಮರ್ಯಾದೆಯಿಂದ ಸೋಲುವವರೊಬ್ಬರನ್ನು ಹುಡುಕು ಎಂದರು ಹೊರದೇಶದವರು.

ವಾರಗಿತ್ತಿಯನ್ನು ಕೊಟ್ಟೆ.

ಹೆರಿಗೆ ವಾರ್ಡಿನ ನರ್ಸ್. ಬಟ್ಟೆ ಒಣಗಿಸುವ ತಂತಿಯ ಜಗಳದಲ್ಲೂ ನನ್ನೆದುರು ಗೆದ್ದವಳಲ್ಲ.

ಆದರೆ ನಮ್ಮದು ಅಂಗೈಯಗಲದ ದೇಶ. ಹೆರಿಗೆ ವಾರ್ಡ್ ಇರುವುದು ಒಂದೇ. ಇಲ್ಲಿನ ಹೆಂಗಸರೆಲ್ಲ ನೋವು ತಿನ್ನುವಾಗ ಹಿಡಿದುಕೊಂಡದ್ದು ಅವಳ ಕೈ. ಇದು ಗಂಡಸರಿಗೆ ಗೊತ್ತಿರಲಿಲ್ಲ. ಹೊರದೇಶದವರ ಸಮೀಕ್ಷೆಗೂ ಸಿಕ್ಕಿರಲಿಲ್ಲ.

ಮಧ್ಯಾಹ್ನದ ಎಣಿಕೆಯಲ್ಲಿ ಅವಳು ಮುಂದಿದ್ದಳು!

ಆಸ್ಪತ್ರೆಯ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಇಸ್ತ್ರಿಯ ಹಣೆ ಮುಂದಿನ ಸೀಟಿಗೆ ಬಡಿಯಿತು. ಬಾಗಿಲು ತೆಗೆದು ಓಡಿದೆ. ಬಟ್ಟೆ ಒಗೆಯುವ ಕೋಣೆ, ಹಬೆ, ಒದ್ದೆ ನೆಲ... ಹಿಂದೆ ಅವನ ಬೂಟು.

ಅವಳು ವಾರ್ಡಿನಲ್ಲಿ ಕೈ ತೊಳೆಯುತ್ತಿದ್ದಳು.

"ಸೋತೆ ಅಂತ ಹೇಳ್ಬಿಡು. ಮನೆಗೆ ಹೋಗೋಣ."

"ಸೋತಿಲ್ವಲ್ಲ ಅಕ್ಕ."

"ಮನೇಲಿ ದಿನಾ ಹೇಳ್ತಿದ್ಯಲ್ಲೇ, ನೀವೇ ಸರಿ ಅಂತ. ಅದನ್ನೇ ಇನ್ನೊಂದ್ಸಲ ಹೇಳೋಕೇನು?"

ಅವಳು ಟವೆಲ್ಲನ್ನು ಮಡಿಸಿಟ್ಟಳು. "ನಿಮ್ಮನ್ನ ನೋಡಿದ್ರೆ ಪಾಪ ಅನ್ನಿಸ್ತಿತ್ತು. ಅದಕ್ಕೆ ಬಿಟ್ಟುಕೊಡ್ತಿದ್ದೆ."

ಇಷ್ಟು ವರ್ಷಗಳ ನನ್ನ ಗೆಲುವುಗಳೆಲ್ಲ ಆ ಸಿಂಕಿನಲ್ಲಿ ಹರಿದುಹೋದವು.

ಇಸ್ತ್ರಿ ಬಂದು ನಮ್ಮಿಬ್ಬರನ್ನೂ ಹೊರಗೆ ನಡೆಸಿದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕ್ಯಾಮೆರಾಗಳು ಕಾಯುತ್ತಿದ್ದವು. ಮೈಕಿನ ಪಕ್ಕದಲ್ಲಿ ಹೊರದೇಶದ ಸಲಹೆಗಾರ. ಎಂಥ ಸೆಕೆಯಲ್ಲೂ ಟೈ ಸಡಿಲಿಸದವನು. ಈ ಸಲ ದೇಶಕ್ಕೆ ಸ್ಥಿರತೆ ಮುಖ್ಯ, ಮುಂದಿನ ಸಲ ಖಂಡಿತ ನಿಮ್ಮದೇ ಎಂದು ಅವಳಿಗೆ ಮೆಲ್ಲಗೆ ಹೇಳಿದ. ಸೋಲಿನ ಭಾಷಣ ಕೈಗಿಟ್ಟ.

ಅವಳು ಅದನ್ನು ಹಾಗೇ ಮಡಚಿ ಮೈಕಿಗೆ ಬಾಗಿದಳು.

"ನಾನು ಗೆದ್ದಿದ್ದೀನಿ. ಎಣಿಸಿ ನೋಡಿ."

ಎರಡು ಗುಂಡು.

ಇಸ್ತ್ರಿ ಹಣೆಯ ರಕ್ತ ಒರೆಸಿಕೊಳ್ಳುತ್ತ ನಡೆದುಹೋದ. ಯಾರೂ ತಡೆಯಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಸೋಪಿನ ವಾಸನೆ ಇನ್ನೂ ಇತ್ತು.

ಸಲಹೆಗಾರ ಜೇಬಿನಿಂದ ಬೆಳಿಗ್ಗೆಯೇ ಟೈಪಾಗಿದ್ದ ತನ್ನ ಹೇಳಿಕೆ ತೆಗೆದ. ಚುನಾವಣೆ ಮುಕ್ತವಾಗಿ, ಶಾಂತಿಯುತವಾಗಿ ನಡೆಯಿತು. ಒಂದು ಕ್ಷಣ ಯೋಚಿಸಿದ. ಮನುಷ್ಯ ಪ್ರಾಮಾಣಿಕ, ಸುಳ್ಳು ಹೇಳುವವನಲ್ಲ.

ಪೆನ್ನು ತೆಗೆದು ಒಂದೇ ಒಂದು ಪದ ಸೇರಿಸಿದ.

ಬಹುಮಟ್ಟಿಗೆ.