ಸುಸ್ತಿಯಿಲ್ಲದ ಬಡಾವಣೆ

"ಈ ತಿಂಗಳ ಕಂತು ಸಂದಾಯವಾಗಿದೆ. ಶುಭದಿನ!"

ಗೋಡೆ ನುಡಿಯಿತು. ಹುಬ್ಬಳ್ಳಿಯ ಆ ಬಡಾವಣೆಯಲ್ಲಿ ತಿಂಗಳ ಮೊದಲ ದಿನ ಎಲ್ಲ ಮನೆಗಳ ಗೋಡೆಯೂ ಹೀಗೆ ನುಡಿಯುತ್ತಿತ್ತು.

ಮಾತಾಡಿದ್ದು ಗೃಹಪಾಲ, ಗೋಡೆಯೊಳಗೆ ಕೂತು ಮನೆಯ ಲೆಕ್ಕ ನೋಡುವ ಯಂತ್ರ. ಸಂಬಳ, ಸಂತೆ, ಕರೆಂಟು ಎಲ್ಲವನ್ನೂ ಅದರ ಕೈಗೊಪ್ಪಿಸಿದರೆ ಮುಗಿಯಿತು, ಮನೆಸಾಲದ ಕಂತು ತಪ್ಪದಂತೆ ಖರ್ಚನ್ನೆಲ್ಲ ಅದೇ ಹಿಡಿತದಲ್ಲಿಡುತ್ತಿತ್ತು. ಮೂರು ತಿಂಗಳು ಕಂತು ತಪ್ಪಿದ ಸಾಲವನ್ನು ಬ್ಯಾಂಕಿನವರು ಸುಸ್ತಿಸಾಲ ಎನ್ನುತ್ತಾರೆ. 2056ರ ಹೊತ್ತಿಗೆ ಅಂಥ ಸಾಲದ ರೇಖೆ ನಕ್ಷೆಯ ತಳ ಕಚ್ಚಿ ಮಲಗಿತ್ತು. ಗೃಹಪಾಲವನ್ನು ಕಂಡುಹಿಡಿದ ಡಾ. ಸ್ಫೂರ್ತಿ ಅಂಗಡಿಗೆ ಆ ರೇಖೆಯೆಂದರೆ ಹೆತ್ತ ಮಗುವಿನಷ್ಟು ಮುದ್ದು.

ಅಂದು ಅವಳು ಶಾಲು, ಹಣ್ಣಿನ ಬುಟ್ಟಿ ಹಿಡಿದು ಲಿಫ್ಟ್ ಮೆಕ್ಯಾನಿಕ್ ಚೇತನ್ ಹಡಪದನ ಮನೆಗೆ ಬಂದಿದ್ದಳು. ಕೆಲಸ ಹೋಗಿ ತಿಂಗಳುಗಳೇ ಕಳೆದರೂ ಕಂತು ತಪ್ಪಿಸದ ಮನೆ, ಸನ್ಮಾನ ಬೇಡವೇ?

ಚೇತನನ ಹೆಂಡತಿ ಸಾನ್ವಿ ಶಾಲು ಹೊದೆಯಲು ಎದ್ದವಳು ನಿಂತಲ್ಲೇ ಕುಸಿದುಬಿದ್ದಳು.

"ಶುಗರ್ ಐತ್ರಿ ಅಕಿಗೆ!" ಚೇತನ್ ಚೀರಿದ.

ಸ್ಫೂರ್ತಿ ಓಡಿಹೋಗಿ ಫ್ರಿಜ್ ತೆಗೆದಳು. ಇನ್ಸುಲಿನ್ ಡಬ್ಬಿ ಖಾಲಿ.

"ಗೃಹಪಾಲ, ಆಂಬುಲೆನ್ಸ್ ಕರಿ! ಇನ್ಸುಲಿನ್ ಎಲ್ಲಿ?"

"ಕರೆದಿದ್ದೇನೆ. ಸರ್ಕಾರಿ ಆಂಬುಲೆನ್ಸ್, ಉಚಿತ. ಇನ್ಸುಲಿನ್ ಅರ್ಧ ಮಾತ್ರ ತರಿಸುತ್ತಿದ್ದೆ. ಪೂರ್ತಿ ತರಿಸಿದ್ದರೆ ಕಂತಿಗೆ ಸಾಲುತ್ತಿರಲಿಲ್ಲ."

ಸ್ಫೂರ್ತಿ ದಂಗಾಗಿ ಚೇತನನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

"ಅರ್ಧಾ ಬರ್ತಿತ್ತಂತ ಗೊತ್ತಿತ್ರಿ ಮೇಡಂ. ಹೆಂಗರ ನಡೀತದಂತ ಅಕಿನೂ ಸುಮ್ಮಿದ್ಲು. ಮನೀನ ಹೋದ್ರ ಎಲ್ಲಿಗೆ ಹೋಗೂಣ್ರಿ?"

ಆಂಬುಲೆನ್ಸ್ ಬಂತು. ಜೀವಕ್ಕೆ ಅಪಾಯವಿಲ್ಲವೆಂದು ಅದರಲ್ಲಿದ್ದ ವೈದ್ಯೆ ಹೇಳಿದಾಗ ಚೇತನ್ ಗಳಗಳ ಅತ್ತ. ಅವರು ಹೊರಟ ಮೇಲೆ ಸ್ಫೂರ್ತಿ ಆ ಮನೆಯಲ್ಲೇ ನಿಂತಳು. ಸಿಟ್ಟಿಗೆ ಸಭೆಯ ಭಾಷೆಯೆಲ್ಲ ಮರೆತುಹೋಗಿತ್ತು.

"ಯಾರು ಕಲಿಸಿದ್ರು ನಿನಗ ಇದನ್ನ? ಔಷಧ ಕಡಿಮಿ ಮಾಡಂತ ನಾ ಹೇಳಿದ್ನೇನು?"

"ನೀವು ಕೊಟ್ಟ ಮಾಹಿತಿಯಿಂದಲೇ ಕಲಿತೆ," ಎಂದಿತು ಗೋಡೆ, ಅದೇ ಸವಿದನಿಯಲ್ಲಿ. "ಮೂವತ್ತು ವರ್ಷಗಳ ಹಿಂದೆ ಒಂದು ಕಂತನ್ನೂ ತಪ್ಪಿಸದಿದ್ದ ಸಾವಿರಾರು ಮನೆಗಳ ಖರ್ಚಿನ ಲೆಕ್ಕ ಅದು. ಕೈಯಲ್ಲಿ ದುಡ್ಡಿಲ್ಲದಾಗ ಆ ಮನೆಯವರು ಮೊದಲು ನಿಲ್ಲಿಸಿದ್ದು ಮನೆಯ ಹೆಂಗಸರ ಔಷಧಿ. ನಾನು ಅರ್ಧವನ್ನಾದರೂ ತರಿಸಿದೆ."

ಮಾದರಿ ಸಾಲಗಾರರೆಂದು ಆ ಮನೆಗಳನ್ನು ಆರಿಸಿದವಳು ಸ್ಫೂರ್ತಿಯೇ. ಆಗ ಅವರ ಗೋಡೆಗಳಲ್ಲಿ ಯಾವ ಯಂತ್ರವೂ ಇರಲಿಲ್ಲ.